ಮಲಗು, ಮಲಗಲಿ, ಮಲಗೀತು

ಲಿನಕ್ಸ್ ಕರ್ನಲ್‌ನ ಮೂಲಸಂಕೇತವನ್ನು ಇಳಿಸಿಕೊಂಡವರಿಗೆ ಅದರೊಳಗೆ ‘ಡಾಕ್ಯುಮೆಂಟೇಶನ್’ ಎಂಬ ಕೋಶವೊಂದು ಸಿಗುತ್ತದೆ, ಅದರೊಳಗೆ ‘ಎಬಿಐ’ ಎಂಬ ಉಪಕೋಶ. ಅಲ್ಲಿರುವ ನಮೂದುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಯಾವ ಕಡತದ ಬಗ್ಗೆ ಹೇಳುತ್ತಿದ್ದೇವೆ, ಅದು ಯಾವ ತಿಂಗಳಲ್ಲಿ ಬಂತು, ಯಾರನ್ನು ಕೇಳಬೇಕು, ಕೊನೆಗೆ ವಿವರಣೆ. ಊರಿನ ಜನನ ಮರಣ ನೋಂದಣಿ ಪುಸ್ತಕದ ಹಾಗೆ ಕಾಣುವ ಈ ನಮೂದುಗಳಲ್ಲಿ ವಿದ್ಯುತ್ ನಿರ್ವಹಣೆಗೆ ಸಂಬಂಧಿಸಿದವನ್ನು ನಾನು ಕೆಲವು ವರ್ಷಗಳಿಂದ ಓದುತ್ತಿದ್ದೇನೆ. ಹೊಟ್ಟೆಪಾಡಿಗೆ ತಂತ್ರಾಂಶಗಳ ಕೈಪಿಡಿ ಬರೆಯುವವನು ನಾನು, ಆದ್ದರಿಂದ ಮೊದಲು ಓದಿದ್ದು ಕೆಲಸಕ್ಕಾಗಿ. ಈಗ ಓದುತ್ತಿರುವುದು ಅದಕ್ಕಲ್ಲ.

ಇದನ್ನು ಸಾಹಿತ್ಯ ವಿಮರ್ಶೆಯ ಅಂಕಣದಲ್ಲಿ ಯಾಕೆ ಹೇಳಬೇಕು ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಸಾಹಿತ್ಯ ಚರಿತ್ರೆಗಳು ಶಾಸ್ತ್ರಗ್ರಂಥಗಳನ್ನು ಎಂದೂ ಹೊರಗಿಟ್ಟಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’, ರಾಜಾದಿತ್ಯನ ‘ವ್ಯವಹಾರಗಣಿತ’, ವಿಷವೈದ್ಯದ ಬಗ್ಗೆ ಮಂಗರಾಜ ಬರೆದ ‘ಖಗೇಂದ್ರಮಣಿದರ್ಪಣ’, ಎಲ್ಲಕ್ಕೂ ಅಲ್ಲಿ ಜಾಗವಿದೆ. ಲೆಕ್ಕ, ಅಡುಗೆ, ಹಾವಿನ ವಿಷ, ಇವುಗಳ ಬಗ್ಗೆ ಬರೆದದ್ದನ್ನು ಭಾಷೆಗಾಗಿ ಓದಬಹುದಾದರೆ, ಯಂತ್ರದ ನಿದ್ರೆಯ ಬಗ್ಗೆ ಬರೆದದ್ದನ್ನೂ ಓದಬಹುದು. ಎಂಟು ನೂರು ವರ್ಷ ಕಾಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಹಿನ್ನೆಲೆ ಬೇಕಾದವರಿಗೆ ಇಷ್ಟು ಸಾಕು. ಕರ್ನಲ್ ಎನ್ನುವುದು ಯಂತ್ರಾಂಶಕ್ಕೂ ನಾವು ಮುಟ್ಟುವ ತಂತ್ರಾಂಶಕ್ಕೂ ನಡುವೆ ನಿಂತಿರುವ ಪದರ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೂ ಇರುವುದು ಲಿನಕ್ಸ್ ಕರ್ನಲ್ಲೇ. ಕೆಲಸವಿಲ್ಲದ ಭಾಗಗಳನ್ನು ಮಲಗಿಸಿ, ಬೇಕಾದಾಗ ಎಬ್ಬಿಸುವುದು ಅದರ ಕೆಲಸಗಳಲ್ಲಿ ಒಂದು. ಯಾವುದನ್ನು ಮಲಗಿಸಬಹುದು, ಎಷ್ಟು ಹೊತ್ತು ಸುಮ್ಮನಿದ್ದರೆ ಮಲಗಿಸಬೇಕು, ಯಾರು ಕೂಗಿದರೆ ಏಳಬೇಕು ಎಂಬುದನ್ನೆಲ್ಲ ಸಣ್ಣ ಸಣ್ಣ ಕಡತಗಳ ರೂಪದಲ್ಲಿ ಅದು ಬಳಕೆದಾರರ ಮುಂದಿಡುತ್ತದೆ. ಆ ಕಡತಕ್ಕೆ ಒಂದು ಪದ ಬರೆದರೆ ಯಂತ್ರದ ನಡತೆ ಬದಲಾಗುತ್ತದೆ. ಆ ಒಂದು ಪದದ ಅರ್ಥವೇನು ಎಂದು ಹೇಳುವುದು ದಾಖಲೆಯ ಕೆಲಸ. ಇಲ್ಲಿ ಪದ ತಪ್ಪಾಗಿ ಅರ್ಥವಾದರೆ ಯಾರದೋ ಬರಹ, ಚಿತ್ರ, ಲೆಕ್ಕಪತ್ರ ಅಳಿಸಿಹೋಗುತ್ತದೆ. ಕವಿತೆಯನ್ನು ತಪ್ಪಾಗಿ ಓದಿದವರಿಗೆ ಅಷ್ಟು ದೊಡ್ಡ ಶಿಕ್ಷೆಯಿಲ್ಲ.

ಒಂದು ಉದಾಹರಣೆ. ಪ್ರತಿ ಸಾಧನದ ಕೋಶದಲ್ಲೂ ‘ಪವರ್’ ಎಂಬ ಒಳಕೋಶ, ಅದರೊಳಗೆ ‘ಕಂಟ್ರೋಲ್’ ಎಂಬ ಕಡತ. ಅದಕ್ಕೆ ಬರೆಯಬಹುದಾದ ಪದಗಳು ಎರಡೇ: ‘ಆನ್’ ಮತ್ತು ‘ಆಟೋ’. ಮೊದಲ ಸಲ ನೋಡುವವರು ಆನ್ ಎಂದರೆ ವಿದ್ಯುತ್ ನಿರ್ವಹಣೆ ಚಾಲೂ ಆಗುತ್ತದೆ ಎಂದುಕೊಳ್ಳುತ್ತಾರೆ. ಆಗುವುದು ಅದರ ವಿರುದ್ಧ. ಆನ್ ಎಂದರೆ ಈ ಸಾಧನವನ್ನು ಮಲಗಿಸಬೇಡ, ಎಚ್ಚರವಾಗಿಯೇ ಇಡು ಎಂದು. ಆ ಪದ ವರ್ಣಿಸುತ್ತಿರುವುದು ಸಾಧನವನ್ನು, ನಿರ್ವಹಣೆಯನ್ನಲ್ಲ. ನಮೂದು ಇದನ್ನು ಎರಡು ಸಾಲುಗಳಲ್ಲಿ ತಿಳಿಸಿಬಿಡುತ್ತದೆ. ಆದರೆ ನನ್ನ ಕಣ್ಣು ನಿಂತದ್ದು ‘ಆಟೋ’ದ ಮೇಲೆ. ಅದು ಆಜ್ಞೆಯಲ್ಲ. ಆಟೋ ಎಂದು ಬರೆದ ಮಾತ್ರಕ್ಕೆ ಸಾಧನ ಮಲಗುವುದಿಲ್ಲ. ಮಲಗುವುದಕ್ಕೆ ನನ್ನ ಅಭ್ಯಂತರವಿಲ್ಲ ಎಂದಷ್ಟೇ ಬಳಕೆದಾರ ಹೇಳಿದ ಹಾಗಾಯಿತು. ನಿರ್ಧಾರ ಡ್ರೈವರ್‌ನದು, ಕೆಲಸದ ಒತ್ತಡದ್ದು, ಕೆಳಗಿನ ಸಾಧನಗಳದ್ದು. ಇಂಗ್ಲಿಷಿನಲ್ಲಿ ಈ ಅನುಮತಿಯ ಭಾವ ತರಲು ವಿವರಣೆ ಬೇಕಾಗಿದೆ, ಏಕೆಂದರೆ ‘ಆಟೋ’ ಎಂಬ ಪದಕ್ಕೆ ಅದನ್ನು ಹೊರುವ ಶಕ್ತಿಯಿಲ್ಲ.

ಕನ್ನಡಕ್ಕೆ ಇಲ್ಲಿ ಒಂದು ಸವಲತ್ತಿದೆ. ಮಲಗು ಎನ್ನುವುದು ಆಜ್ಞೆ, ಮಲಗಲಿ ಎನ್ನುವುದು ಒಪ್ಪಿಗೆ, ಮಲಗೀತು ಎನ್ನುವುದು ಸಂಭಾವನೆ. ಕ್ರಿಯಾಪದದ ಬಾಲದಲ್ಲೇ ಮೂರು ಸಂಬಂಧಗಳು ಕುಳಿತಿವೆ. ಬಳಕೆದಾರ ಹೇಳುವುದು ‘ಮಲಗಲಿ’, ದಾಖಲೆ ಹೇಳಬೇಕಾದದ್ದು ‘ಮಲಗೀತು’. ಬರೆಯುವವರು ಸಾಮಾನ್ಯವಾಗಿ ಜಾರುವುದು ಇಲ್ಲೇ. ‘ಮಲಗುತ್ತದೆ’ ಎಂದು ಖಚಿತವಾಗಿ ಬರೆದುಬಿಡುತ್ತಾರೆ, ಯಂತ್ರ ಮಲಗುವುದಿಲ್ಲ, ಓದುಗ ತಲೆ ಕೆಡಿಸಿಕೊಳ್ಳುತ್ತಾನೆ. ಕರ್ನಲ್ ದಾಖಲೆಗಳ ‘ಟ್ರಾನ್ಸ್‌ಲೇಶನ್ಸ್’ ಕೋಶದಲ್ಲಿ ಚೀನೀ, ಜಪಾನಿ, ಕೊರಿಯನ್, ಇಟಾಲಿಯನ್, ಸ್ಪ್ಯಾನಿಶ್ ಅನುವಾದಗಳಿವೆ. ಕನ್ನಡವಿಲ್ಲ. ಇರಬೇಕಿತ್ತು ಎಂಬ ಅಭಿಮಾನದ ಮಾತಿಗಿಂತ, ಇದ್ದಿದ್ದರೆ ಈ ಮೂರು ರೂಪಗಳಿಗೆ ಒಳ್ಳೆಯ ಕೆಲಸ ಸಿಗುತ್ತಿತ್ತು ಎಂಬುದಷ್ಟೇ ನನ್ನ ಕೊರಗು.

ಈ ಬರಹಗಳ ನಡುವೆ ಬರಹಗಾರನೊಬ್ಬನ ದನಿ ಸ್ಪಷ್ಟವಾಗಿ ಕೇಳುವುದು ಯುಎಸ್‌ಬಿ ಸಾಧನಗಳ ವಿದ್ಯುತ್ ನಿರ್ವಹಣೆಯ ಬಗ್ಗೆ ಆಲನ್ ಸ್ಟರ್ನ್ ಬರೆದ ದಾಖಲೆಯಲ್ಲಿ. ಅದು ಪ್ರಶ್ನೆಗಳಿಂದ ಶುರುವಾಗುತ್ತದೆ. ವಿದ್ಯುತ್ ನಿರ್ವಹಣೆ ಎಂದರೇನು? ಯುಎಸ್‌ಬಿ ಸಾಧನ ಯಾವಾಗ ಬಿಡುವಾಗಿರುತ್ತದೆ? ಎರಡನೆಯ ಪ್ರಶ್ನೆಗೆ ಸ್ಟರ್ನ್ ಕೊಡುವ ಉತ್ತರದಲ್ಲಿ ತತ್ವಶಾಸ್ತ್ರದ ಗಾಳಿ ಸುಳಿಯುತ್ತದೆ. ಸಾಧನ ಮಹತ್ವದ್ದೇನನ್ನೂ ಮಾಡುತ್ತಿಲ್ಲ ಎಂದು ಕರ್ನಲ್‌ಗೆ ಅನ್ನಿಸಿದಾಗ ಅದು ಬಿಡುವಾಗಿದೆ ಎಂದರ್ಥ. ಬಿಡುವು ಸಾಧನದ ಗುಣವಲ್ಲ, ನೋಡುವವರ ಅನ್ನಿಸಿಕೆ. ತಂತಿಯ ಮೇಲೆ ಒಂದಕ್ಷರವೂ ಹರಿಯದಿದ್ದರೂ ಡ್ರೈವರ್ ತನ್ನ ಸಾಧನಕ್ಕೆ ಬಿಡುವಿಲ್ಲ ಎನ್ನಬಹುದು. ಹಬ್ ಎಂಬ ಕವಲುಪೆಟ್ಟಿಗೆಯ ಉದಾಹರಣೆ ಅಲ್ಲೇ ಬರುತ್ತದೆ: ತನಗೆ ಸಿಕ್ಕಿಸಿದ ಸಾಧನಗಳೆಲ್ಲ ಮಲಗುವ ತನಕ ಹಬ್ ಬಿಡುವಾಗುವುದಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಒಟ್ಟುಕುಟುಂಬದ ಅಡುಗೆಮನೆಯಲ್ಲಿ ಕೊನೆಗೆ ದೀಪ ಆರಿಸುವ ಹೆಂಗಸು ನೆನಪಾಗುತ್ತಾಳೆ. ಸ್ಟರ್ನ್‌ಗೆ ಹಾಗನ್ನಿಸಿರಲಿಕ್ಕಿಲ್ಲ.

ಅದೇ ದಾಖಲೆಯ ಎಚ್ಚರಿಕೆಗಳ ಭಾಗ ಇನ್ನೂ ಚೆನ್ನಾಗಿದೆ. ಎಲ್ಲ ಯುಎಸ್‌ಬಿ ಸಾಧನಗಳೂ ವಿದ್ಯುತ್ ನಿರ್ವಹಣೆಗೆ ಒಗ್ಗಬೇಕು ಎಂದು ಮಾನದಂಡ ಹೇಳುತ್ತದೆ. ಆದರೆ ಬಹಳಷ್ಟು ಸಾಧನಗಳು ಒಗ್ಗುವುದಿಲ್ಲ. ಮಲಗಿಸಿದರೆ ಮಲಗುತ್ತವೆ, ಎಬ್ಬಿಸಿದರೆ ಸಂಪರ್ಕ ಕಡಿದುಕೊಳ್ಳುತ್ತವೆ, ಇಲ್ಲವೇ ಕೆಲಸವನ್ನೇ ನಿಲ್ಲಿಸುತ್ತವೆ. ಪ್ರಿಂಟರು, ಸ್ಕ್ಯಾನರುಗಳಲ್ಲಿ ಇದು ಹೆಚ್ಚು ಎನ್ನುತ್ತಾರೆ ಸ್ಟರ್ನ್. ಈ ಸ್ಥಿತಿಯನ್ನು ವಿಷಾದದ ಸಂಗತಿ ಎಂದು ಕರೆಯುತ್ತಾರೆ ಕೂಡ. ತಾಂತ್ರಿಕ ದಾಖಲೆಯೊಳಗೆ ವಿಷಾದ ಎಂಬ ಭಾವವಾಚಕ ಬರುವುದು ಅಪರೂಪ, ಬಂದರೂ ಸಂಪಾದಕರು ಅಳಿಸುತ್ತಾರೆ. ಇಲ್ಲಿ ಅದು ಉಳಿದಿದೆ. ಹೀಗಾಗಿ ಹಬ್ಬುಗಳನ್ನು ಬಿಟ್ಟರೆ ಉಳಿದ ಸಾಧನಗಳಿಗೆ ತಾನಾಗಿ ಮಲಗುವ ಸೌಲಭ್ಯವನ್ನು ಕರ್ನಲ್ ಮೊದಲಿಗೆ ಕೊಡುವುದಿಲ್ಲ. ಹಬ್ಬುಗಳಾದರೂ ತಕ್ಕಮಟ್ಟಿಗೆ ಸಭ್ಯವಾಗಿ ನಡೆದುಕೊಳ್ಳುತ್ತವೆ ಎಂಬರ್ಥದ ಮಾತೊಂದು ಅಲ್ಲಿದೆ. ಸುಸ್ತಾದ ಮೇಷ್ಟರು ತರಗತಿಯ ಬಗ್ಗೆ ಆಡುವ ಮಾತಿನಂತಿದೆ ಅದು. ಹೀಗಿರಬೇಕು ಮತ್ತು ಹೀಗಿದೆ, ಈ ಎರಡರ ನಡುವಿನ ಬಿರುಕನ್ನು ಮುಚ್ಚದೆ ತೋರಿಸಿದ್ದೇ ಈ ಬರಹದ ದೊಡ್ಡ ಗುಣ ಎಂದು ನಾನು ತಿಳಿದಿದ್ದೇನೆ. ಮಾರುಕಟ್ಟೆಯ ಕೈಪಿಡಿಗಳು ‘ಹೀಗಿರಬೇಕು’ ಎನ್ನುವುದನ್ನೇ ‘ಹೀಗಿದೆ’ ಎಂದು ಬರೆಯುತ್ತವೆ. ಎಷ್ಟೋ ಸಲ ಸಂಬಳಕ್ಕಾಗಿ ಹಾಗೆ ಬರೆಯುವವರಲ್ಲಿ ನಾನೂ ಒಬ್ಬ.

ಸ್ಟರ್ನ್‌ರದೇ ಇನ್ನೊಂದು ದಾಖಲೆ 2006ರದು, 2008ರಲ್ಲಿ ತಿದ್ದಿದ್ದು. ವಿಷಯ ಗುರುತಿನದು. ಯಂತ್ರ ಮಲಗಿದ್ದಾಗ ಯುಎಸ್‌ಬಿ ಕಿಂಡಿಗೆ ಹರಿಯಬೇಕಾದ ಅತಿ ಸಣ್ಣ ವಿದ್ಯುತ್ ಕಡಿದುಹೋದರೆ, ಎದ್ದ ಮೇಲೆ ಅಲ್ಲಿರುವ ಪೆನ್‌ಡ್ರೈವ್ ಮೊದಲಿನದೇ ಎಂದು ಕರ್ನಲ್‌ಗೆ ಗೊತ್ತಾಗುವುದು ಹೇಗೆ? ಗೊತ್ತಾಗುವುದಿಲ್ಲ. ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಮುಂತಾದ ಗುರುತುಗಳು ಹೊಂದಿದರೆ ಅದೇ ಇದು ಎಂದು ನಂಬಬಹುದು. ನಂಬಿದ್ದು ಸುಳ್ಳಾದರೆ, ಅಂದರೆ ಮಲಗಿದ್ದಾಗ ಯಾರೋ ಅದೇ ಮಾದರಿಯ ಬೇರೆ ಡ್ರೈವ್ ಸಿಕ್ಕಿಸಿದ್ದರೆ, ಹಳೆಯದರ ನಕ್ಷೆಯನ್ನು ಹೊಸದರ ಮೇಲೆ ಬರೆದು ಎಲ್ಲವನ್ನೂ ಹಾಳುಮಾಡುತ್ತದೆ. ಇದು ಸುರಕ್ಷಿತವೇ ಎಂದು ದಾಖಲೆ ತನ್ನನ್ನೇ ಕೇಳಿಕೊಂಡು, ಇರಲಿಕ್ಕಿಲ್ಲ ಎಂಬ ಧಾಟಿಯಲ್ಲಿ ಉತ್ತರಿಸುತ್ತದೆ. ದೊಡ್ಡ ಅಕ್ಷರಗಳಲ್ಲಿ ಎಚ್ಚರಿಸಿ, ಮರುಕ್ಷಣವೇ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ ಎಂದು ಸಮಾಧಾನವನ್ನೂ ಹೇಳುತ್ತದೆ. ಹೆದರಿಸಿ ಸಂತೈಸುವ ಈ ಎರಡು ಹೆಜ್ಜೆ ನಮ್ಮ ಹಳ್ಳಿ ವೈದ್ಯರದು.

ಇದಕ್ಕಿಂತ ಒರಟಾದ, ಆದ್ದರಿಂದ ಇನ್ನೂ ಹತ್ತಿರದ ದನಿ ‘ಸ್ವಸ್ಪ್’ ದಾಖಲೆಯದು. ಯಂತ್ರದ ನೆನಪನ್ನೆಲ್ಲ ಡಿಸ್ಕಿಗೆ ಬರೆದು ಪೂರ್ತಿ ಆರಿಸಿಬಿಡುವ ಆಳದ ನಿದ್ರೆಯ ಬಗ್ಗೆ ಅದು ಹೇಳುತ್ತದೆ. ಮೊದಲು ಬರುವುದೇ ಎಚ್ಚರಿಕೆ: ಮಲಗುವುದಕ್ಕೂ ಏಳುವುದಕ್ಕೂ ನಡುವೆ ಡಿಸ್ಕನ್ನು ಮುಟ್ಟಿದಿರೋ, ನಿಮ್ಮ ದತ್ತಾಂಶಕ್ಕೆ ಮುತ್ತಿಟ್ಟು ಬೀಳ್ಕೊಡಿ, ಹೆಚ್ಚುಕಡಿಮೆ ಹೀಗೆ. ಆಮೇಲೆ ಪ್ರಶ್ನೋತ್ತರ. ಸರ್ವರ್ ಯಂತ್ರವನ್ನು ಮಲಗಿಸುವುದು ಮೂರ್ಖತನವಲ್ಲವೇ ಎಂದು ಒಬ್ಬ ಕೇಳುತ್ತಾನೆ. ಉತ್ತರ ಎರಡು ಸನ್ನಿವೇಶಗಳಲ್ಲಿ ಬರುತ್ತದೆ. ಸರ್ವರಿಗೆ ಹೊಸ ಯುಪಿಎಸ್ ತಂದಿದ್ದೀರಿ, ಯಂತ್ರ ನಿಲ್ಲಿಸದೆ ಜೋಡಿಸುವುದು ಹೇಗೆ? ಕರೆಂಟು ಹೋಗಿದೆ, ಯುಪಿಎಸ್‌ನಲ್ಲಿ 30 ಸೆಕೆಂಡು ಉಳಿದಿದೆ, ಈಗೇನು ಮಾಡುತ್ತೀರಿ? ಎರಡಕ್ಕೂ ಉತ್ತರ ಒಂದೇ, ಡಿಸ್ಕಿಗೆ ಬರೆದು ಮಲಗಿಸುವುದು. ವಾದವನ್ನು ವಾದವಾಗಿ ಮಂಡಿಸದೆ ಸನ್ನಿವೇಶಕ್ಕೆ ಇಳಿಸುವ ಈ ರೀತಿ ಕತೆಗಾರನದು. ಬೇಸಿಗೆಯಲ್ಲಿ ಕರೆಂಟು ಹೋಗುವ ನಮ್ಮ ಊರುಗಳ ಓದುಗನಿಗೆ ಆ 30 ಸೆಕೆಂಡಿನ ಅರ್ಥ ವಿವರಿಸಬೇಕಾಗಿಲ್ಲ.

ಕರ್ನಲ್ ದಾಖಲೆಗಳು 2016ರಿಂದ ಸ್ಫಿಂಕ್ಸ್ ಎಂಬ ಸಲಕರಣೆಯ ಮೂಲಕ ಪುಸ್ತಕದ ರೂಪಕ್ಕೆ ಬರತೊಡಗಿದವು. ವಿದ್ಯುತ್ ನಿರ್ವಹಣೆಯ ಹಳೆಯ ಪಠ್ಯಗಳು 2019ರಲ್ಲಿ ಹೊಸ ಅಚ್ಚಿಗೆ ಬಂದವು. ಅದೃಷ್ಟವಶಾತ್ ಅಚ್ಚು ಬದಲಾಯಿತೇ ಹೊರತು ಮಾತು ಹೆಚ್ಚು ಬದಲಾಗಲಿಲ್ಲ. ಆದರೆ 2017ರ ಸುಮಾರಿಗೆ ರಾಫೆಲ್ ವೈಸೊಕಿ ವ್ಯವಸ್ಥಾಪಕರಿಗಾಗಿ ಹೊಸದಾಗಿ ಬರೆದ ಅಧ್ಯಾಯಗಳ ದನಿಯೇ ಬೇರೆ. ವಾಕ್ಯಗಳು ಉದ್ದ, ಷರತ್ತುಗಳು ಪದರಪದರ, ಪ್ರತಿ ಪರಿಭಾಷೆಗೂ ವ್ಯಾಖ್ಯಾನ. ಪ್ರೊಸೆಸರಿನ ಬಿಡುವಿನ ಸ್ಥಿತಿಗಳ ಅಧ್ಯಾಯದಲ್ಲಿ ಒಂದು ಕಲ್ಪನೆ ಬರುತ್ತದೆ: ಒಂದು ಆಳದ ನಿದ್ರೆಯಲ್ಲಿ ಕನಿಷ್ಠ ಎಷ್ಟು ಹೊತ್ತು ಇದ್ದರೆ ಅದಕ್ಕಿಂತ ತೆಳು ನಿದ್ರೆಗಿಂತ ಲಾಭ, ಅದರೊಳಕ್ಕೆ ಇಳಿಯಲು ತಗಲುವ ಹೊತ್ತನ್ನೂ ಸೇರಿಸಿ. ಎಷ್ಟು ಹೊತ್ತು ಬಿಡುವು ಸಿಗುತ್ತದೆಂದು ಗೊತ್ತಿಲ್ಲದೆಯೇ ಎಷ್ಟು ಆಳ ಮಲಗಬೇಕೆಂದು ತೀರ್ಮಾನಿಸಬೇಕಾದ ಪಾಡು ಅದು. ಮಧ್ಯಾಹ್ನ ಬಸ್ಸಿಗೆ ಕಾಯುತ್ತ ತೂಕಡಿಸುವವರಿಗೆ ಇದು ಹೊಸದಲ್ಲ. ವೈಸೊಕಿ ಇಂಥ ಹೋಲಿಕೆಗೆ ಹೋಗುವವರಲ್ಲ. ಸೂತ್ರ, ವೃತ್ತಿ, ಪ್ರಯೋಗ ಎಂದು ಸಾಗುವ ಕೇಶಿರಾಜನ ‘ಶಬ್ದಮಣಿದರ್ಪಣ’ದಂಥ ಶಾಸ್ತ್ರದ ಶಿಸ್ತು ಅವರದು. ಸ್ವಸ್ಪ್‌ನ ತಮಾಷೆ ಇಲ್ಲಿಲ್ಲ ಎಂದು ಬೇಸರವಾದರೂ, ರಾತ್ರಿ ಎರಡು ಗಂಟೆಗೆ ಯಂತ್ರ ಏಳದೆ ಕುಳಿತಾಗ ನಾನು ತೆರೆಯುವುದು ವೈಸೊಕಿಯವರ ಅಧ್ಯಾಯವನ್ನೇ.

ನನ್ನ ತಕರಾರು ಇರುವುದು ಅವರ ವಿಶೇಷಣಗಳ ಬಗ್ಗೆ. ನಿದ್ರೆಯ ಸ್ಥಿತಿಗಳನ್ನು ವರ್ಣಿಸುವ ಅಧ್ಯಾಯದಲ್ಲಿ ಒಂದು ಸ್ಥಿತಿ ಮಿತವಾದ ಉಳಿತಾಯ ಕೊಡುತ್ತದೆ, ಇನ್ನೊಂದು ಗಣನೀಯ ಉಳಿತಾಯ ಕೊಡುತ್ತದೆ. ಎಷ್ಟು? ವ್ಯಾಟಿನಲ್ಲಿ ಎಲ್ಲೂ ಇಲ್ಲ. ಪ್ರತಿ ಯಂತ್ರವೂ ಬೇರೆ, ಅಂಕಿ ಕೊಟ್ಟರೆ ಅದು ಹಲವರ ಪಾಲಿಗೆ ಸುಳ್ಳಾಗುತ್ತದೆ ಎಂಬ ಸಮರ್ಥನೆಯನ್ನು ನಾನು ಒಪ್ಪುತ್ತೇನೆ. ಆದರೂ ಅಳೆಯುವುದು ಹೇಗೆ ಎಂದಾದರೂ ಅಲ್ಲೇ ಹೇಳಬಹುದಿತ್ತು. ಓದುಗನ ಕೈಗೆ ತಕ್ಕಡಿ ಕೊಡದೆ ಹೆಚ್ಚು, ಕಡಿಮೆ ಎಂದಷ್ಟೇ ಹೇಳುವ ಬರಹ ನನಗೆ ಅರ್ಧ ಬರಹವಾಗಿ ಕಾಣುತ್ತದೆ.

ಪದದ ಅರ್ಥವೇ ಜಾರಿಹೋದ ಪ್ರಸಂಗವೂ ಇದೆ. ‘ಪವರ್ ಸ್ಟೇಟ್’ ಎಂಬ ಕಡತಕ್ಕೆ ‘ಮೆಮ್’ ಎಂದು ಬರೆದರೆ ಹಿಂದೆ ಒಂದೇ ಅರ್ಥವಿತ್ತು: ನೆನಪಿನ ಚಿಪ್ಪಿಗೆ ಮಾತ್ರ ಕರೆಂಟು ಉಳಿಸಿ ಉಳಿದದ್ದನ್ನೆಲ್ಲ ಮಲಗಿಸುವುದು. ಮುಂದೆ ‘ಮೆಮ್ ಸ್ಲೀಪ್’ ಎಂಬ ಇನ್ನೊಂದು ಕಡತ ಬಂತು. ಅದರಲ್ಲಿ ‘ಎಸ್‌ಟುಐಡಲ್’, ‘ಶ್ಯಾಲೋ’, ‘ಡೀಪ್’ ಎಂಬ ಆಯ್ಕೆಗಳು. ಈಗ ಮೆಮ್ ಎಂದರೆ ಏನು ಎಂಬುದನ್ನು ಆ ಎರಡನೆಯ ಕಡತ ನಿರ್ಧರಿಸುತ್ತದೆ. ಹೊಸ ಲ್ಯಾಪ್‌ಟಾಪುಗಳು ಹಲವು ಡೀಪ್ ಎಂಬ ಆಯ್ಕೆಯನ್ನು ಕೊಡುವುದೇ ಇಲ್ಲ, ಆಗ ಮೆಮ್ ಎಂದರೆ ತೂಕಡಿಕೆ. ಹಳೆಯ ಪುಸ್ತಕ ಓದಿ ಕಲಿತವರು ಅದೇ ಪದ ಬರೆಯುತ್ತಾರೆ, ಚೀಲದೊಳಗೆ ಲ್ಯಾಪ್‌ಟಾಪ್ ಬೆಚ್ಚಗಾಗುತ್ತದೆ. ಹಳೆಯ ಪದವನ್ನು ಮುರಿಯಬಾರದು ಎಂಬ ಕರ್ನಲ್‌ನ ಕಟ್ಟುನಿಟ್ಟು ಶಬ್ದವನ್ನು ಉಳಿಸಿತು, ಅರ್ಥವನ್ನು ಉಳಿಸಲಿಲ್ಲ. ದಾಖಲೆ ಇದನ್ನು ಪ್ರಾಮಾಣಿಕವಾಗಿ ಹೇಳಿದೆ. ಹೇಳುವ ಕ್ರಮ ಮಾತ್ರ ಎಷ್ಟು ತಣ್ಣಗಿದೆಯೆಂದರೆ, ಇಲ್ಲೊಂದು ಪದ ಒಳಗಿನಿಂದ ಬದಲಾಗಿದೆ ಎಂಬುದು ಎರಡನೆಯ ಓದಿಗಷ್ಟೇ ಹೊಳೆಯುತ್ತದೆ.

ಈ ಎಲ್ಲದರಲ್ಲಿ ನನ್ನನ್ನು ಬಹಳ ಕಾಡಿದ್ದು ‘ಪಿಎಂ ಟ್ರೇಸ್’ ಎಂಬ ಕಡತದ ನಮೂದು. ಸಮಸ್ಯೆ ಹೀಗಿದೆ. ಮಲಗಿದ ಯಂತ್ರ ಏಳುವಾಗ ಎಲ್ಲೋ ನಡುವೆ ನಿಂತುಹೋಗುತ್ತದೆ. ಪರದೆ ಇನ್ನೂ ಎದ್ದಿಲ್ಲ, ಡಿಸ್ಕ್ ಎದ್ದಿಲ್ಲ, ಏನಾಯಿತೆಂದು ಹೇಳಲು ಬಾಯಿಯೇ ಇಲ್ಲ. ಬಳಕೆದಾರ ಬಲವಂತವಾಗಿ ಆರಿಸಿ ಮತ್ತೆ ಹಚ್ಚಿದರೆ ನೆನಪೆಲ್ಲ ಅಳಿಸಿರುತ್ತದೆ. ಆ ಹೊತ್ತಿನಲ್ಲಿ ಮುಟ್ಟಬಹುದಾದ, ಆರಿಸಿದರೂ ತಾನು ಮಾತ್ರ ನಡೆಯುತ್ತಲೇ ಇರುವ ಒಂದೇ ಒಂದು ಭಾಗವೆಂದರೆ ಗಡಿಯಾರ. ಆದ್ದರಿಂದ 2006ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಕಂಡುಕೊಂಡ ಉಪಾಯ: ಏಳುವ ಪ್ರತಿ ಹೆಜ್ಜೆಯಲ್ಲೂ ತಾನು ಎಲ್ಲಿದ್ದೇನೆ ಎಂಬುದನ್ನು ಒಂದು ಸಂಖ್ಯೆಯಾಗಿ ಕುಗ್ಗಿಸಿ, ಅದನ್ನು ತಾರೀಖು ಮತ್ತು ಗಂಟೆಯ ವೇಷದಲ್ಲಿ ಗಡಿಯಾರಕ್ಕೆ ಬರೆದುಬಿಡುವುದು. ಮತ್ತೆ ಹಚ್ಚಿದಾಗ ಕರ್ನಲ್ ಆ ಅಸಂಬದ್ಧ ತಾರೀಖನ್ನು ಓದಿ, ಮೂಲಸಂಕೇತದ ಯಾವ ಸಾಲಿನಲ್ಲಿ, ಯಾವ ಸಾಧನದ ಬಳಿ ಉಸಿರು ನಿಂತಿತು ಎಂದು ಹೇಳುತ್ತದೆ.

ನಮೂದು ಇದಕ್ಕೊಂದು ಎಚ್ಚರಿಕೆ ಸೇರಿಸಿದೆ: ಇದನ್ನು ಬಳಸಿದರೆ ನಿಮ್ಮ ಗಡಿಯಾರ ಯಾವುದೋ ಅರ್ಥವಿಲ್ಲದ ಕಾಲಕ್ಕೆ ಹೋಗಿಬಿಡುತ್ತದೆ. ಅಷ್ಟೇ, ಮತ್ತೇನಿಲ್ಲ. ತಾನು ಎಲ್ಲಿ ಬಿದ್ದೆ ಎಂದು ತಿಳಿಸಲು ಯಂತ್ರ ತನ್ನ ಕಾಲಪ್ರಜ್ಞೆಯನ್ನು ಒತ್ತೆ ಇಡುತ್ತದೆ ಎಂಬ ವಿಷಯ ಬೇರೆ ಯಾರ ಕೈಗೆ ಸಿಕ್ಕಿದ್ದರೂ ರೂಪಕವಾಗಿ ಉಬ್ಬುತ್ತಿತ್ತು. ಇಲ್ಲಿ ಅದು ಗಡಿಯಾರ ಸರಿಪಡಿಸಿಕೊಳ್ಳಿ ಎಂಬ ಧಾಟಿಯಲ್ಲೇ ಮುಗಿಯುತ್ತದೆ. ಆ ಸಂಯಮದಿಂದಲೇ ಅದು ನನ್ನೊಳಗೆ ಇಳಿಯಿತು. ಸಂಖ್ಯೆ ಸುಳ್ಳು ಹೇಳಲೂಬಹುದು ಎಂದೂ ಜೊತೆಯ ಬರಹಗಳು ತಿಳಿಸುತ್ತವೆ. ಕುಗ್ಗಿಸಿದ ಸಂಖ್ಯೆ ತಪ್ಪು ಸಾಧನದೊಂದಿಗೆ ತಾಳೆಯಾಗಬಹುದು, ಅಥವಾ ನಿಜವಾದ ಅಪರಾಧಿ ಆ ತಾಳೆ ನೋಡುವ ಹೊತ್ತಿಗೆ ಇನ್ನೂ ಒಳಗೆ ಬಂದಿರದ ಯಾವುದೋ ಮಾಡ್ಯೂಲಿನದಾಗಿರಬಹುದು. ಮರಣವಾಕ್ಯವನ್ನೂ ಪೂರ್ತಿ ನಂಬಬೇಡಿ ಎನ್ನುವ ಪಠ್ಯ ಇದು.

ಎಬಿಐ ಕೋಶಕ್ಕೆ ಮರಳಿದರೆ, ಅದರಲ್ಲಿ ನಾಲ್ಕು ಮನೆಗಳಿವೆ: ಸ್ಥಿರವಾದದ್ದು, ಪರೀಕ್ಷೆಯಲ್ಲಿರುವುದು, ಹಳತಾದದ್ದು, ತೆಗೆದುಹಾಕಿದ್ದು. ನಾನು ಇಲ್ಲಿ ಹೇಳಿದ ‘ಪವರ್’ ನಮೂದುಗಳಲ್ಲಿ ಹಳೆಯದರ ಮೇಲಿರುವ ತಾರೀಖು ಆಗಸ್ಟ್ 2006, ಸಾಧನಗಳ ನಮೂದಿನ ಮೇಲಿರುವುದು ಜನವರಿ 2009. ಎರಡೂ ಇಟ್ಟಿರುವುದು ಪರೀಕ್ಷೆಯ ಮನೆಯಲ್ಲಿ. ಲೋಕದ ಎಷ್ಟೋ ಯಂತ್ರಗಳು ಅವುಗಳನ್ನು ನಂಬಿ ನಡೆದಿವೆ, ಬರಹದ ಪ್ರಕಾರ ಅವಿನ್ನೂ ಉಮೇದುವಾರರು. ಇದರ ಇನ್ನೊಂದು ಮುಖ ಯುಎಸ್‌ಬಿಯ ‘ಲೆವೆಲ್’ ಎಂಬ ಕಡತ. ಅದರ ಬದಲು ‘ಕಂಟ್ರೋಲ್’ ಬಳಸಿ, ಇದನ್ನು 2010ರ ನಂತರ ತೆಗೆಯಲಾಗುವುದು ಎಂದು ನಮೂದು ಹೇಳಿತ್ತು. ಗಡುವು ದಾಟಿ ಎಷ್ಟೋ ವರ್ಷಗಳ ಮೇಲೂ ಅದು ಎಚ್ಚರಿಕೆಯ ಸಾಲೊಂದನ್ನು ಗೊಣಗುತ್ತ ಕೆಲಸ ಮಾಡುತ್ತಲೇ ಇತ್ತು. ಹೆಸರಿನ ಮನೆಗೂ ಬದುಕಿನ ಮನೆಗೂ ಹೊಂದಿಕೆಯಿಲ್ಲದ ಇಂಥ ಜಾಗಗಳಲ್ಲಿ ದಾಖಲೆಯನ್ನು ತಿದ್ದುವುದಕ್ಕಿಂತ ಹಾಗೆಯೇ ಬಿಡುವುದೇ ಸರಿ ಎಂದು ಕೆಲವರು ವಾದಿಸಿಯಾರು. ನಾನು ಒಪ್ಪುವುದಿಲ್ಲ. ‘ಪರೀಕ್ಷೆಯಲ್ಲಿದೆ’ ಎಂಬ ಮಾತನ್ನು ಹದಿನೈದು ವರ್ಷ ಹೇಳುತ್ತ ಕುಳಿತರೆ ಹೊಸ ಓದುಗನಿಗೆ ಆ ಮಾತಿನ ತೂಕವೇ ಹೋಗುತ್ತದೆ. ನಾಳೆ ನಿಜವಾಗಿಯೂ ಪರೀಕ್ಷೆಯಲ್ಲಿರುವ ಕಡತವೊಂದು ಬಂದರೆ ಅದನ್ನು ನಂಬಬಾರದೆಂದು ಆ ಓದುಗನಿಗೆ ಯಾವ ಪದದಲ್ಲಿ ಹೇಳುವುದು?

ಆ ಕೋಶದ ಮುನ್ನುಡಿಯಲ್ಲಿ ನನಗೆ ಇಷ್ಟವಾದ ಒಂದು ಕೋರಿಕೆಯಿದೆ. ಪರೀಕ್ಷೆಯಲ್ಲಿರುವ ಕಡತವನ್ನು ನಿಮ್ಮ ತಂತ್ರಾಂಶ ಬಳಸುತ್ತಿದ್ದರೆ ಅದರ ಹೆಸರನ್ನು ನಮೂದಿನಲ್ಲಿ ಸೇರಿಸಿ, ಬದಲಾವಣೆ ಬಂದಾಗ ನಿಮಗೆ ತಿಳಿಸಲು ಅನುಕೂಲ ಎಂದು. ಅದಕ್ಕಾಗಿ ‘ಬಳಸುವವರು’ ಎಂಬ ಅಂಕಣವನ್ನೂ ಇಟ್ಟಿದ್ದಾರೆ. ಓದುಗ ಪಠ್ಯದೊಳಗೇ ರುಜು ಹಾಕಬಹುದಾದ ಜಾಗ ಅದು, ಇಂಥದ್ದೊಂದು ಜಾಗವಿರುವ ಬೇರೆ ಪುಸ್ತಕ ನನಗೆ ತಟ್ಟನೆ ನೆನಪಾಗುತ್ತಿಲ್ಲ. ವಿದ್ಯುತ್ ನಿರ್ವಹಣೆಯ ನಮೂದುಗಳಲ್ಲಿ ನಾನು ಆ ಅಂಕಣವನ್ನು ಹುಡುಕಿದೆ. ‘ಕಂಟ್ರೋಲ್’ ಅಡಿಯಲ್ಲಿ ಇಲ್ಲ, ‘ಪಿಎಂ ಟ್ರೇಸ್’ ಅಡಿಯಲ್ಲೂ ಇಲ್ಲ. ವಿವರಣೆ ಮುಗಿದ ಕೂಡಲೇ ಮುಂದಿನ ಕಡತದ ಹೆಸರು ಶುರುವಾಗುತ್ತದೆ.